ಸೋಯಾ ಬಿಡಬೇಕಾ?

ಹೆಸರು ಹಾಕಬೇಡಿ ಎಂದಿರುವ ಓದುಗರೇ,

ದಿನಾ ಎರಡು ಲೋಟ ಸೋಯಾ ಹಾಲು ಕುಡಿಯುತ್ತೀರಿ. ‘ಅದರಲ್ಲಿ ಹೆಣ್ಣಿನ ಹಾರ್ಮೋನ್ ಇದೆ, ಬಿಡು’ ಎಂದು ಜಿಮ್ ಗೆಳೆಯರು ಹೆದರಿಸಿದ್ದಾರೆ. ಮದುವೆಯಾಗಿ ಒಂದೂವರೆ ವರ್ಷವಾದರೂ ಮಗುವಾಗಿಲ್ಲ, ಇದಕ್ಕೆ ಸೋಯಾ ಕಾರಣವೇ ಎಂದು ಕೇಳಿದ್ದೀರಿ. ಅದೇ ಗೆಳೆಯರು ಗಂಡಸಿನ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೋ ಎಂದಿದ್ದಾರೆ ಎಂಬ ಕೊನೆಯ ಸಾಲು ಓದಿ ನನಗೆ ನಿಜಕ್ಕೂ ಗಾಬರಿಯಾಯಿತು.

ಮೊದಲು ಸೋಯಾ ವಿಷಯ. ಅದರಲ್ಲಿರುವುದು ಹೆಣ್ಣಿನ ಹಾರ್ಮೋನ್ ಅಲ್ಲ, ಜೆನಿಸ್ಟೀನ್, ಡೈಡ್ಜೀನ್ ಮುಂತಾದ ಐಸೋಫ್ಲೇವೋನ್‌ಗಳು ಎಂಬ ಸಸ್ಯದ ಅಂಶಗಳು. ಇವುಗಳ ರಚನೆ ಹೆಣ್ಣಿನ ಹಾರ್ಮೋನ್ ಆದ ಈಸ್ಟ್ರೋಜೆನ್‌ಗೆ ಹತ್ತಿರ. ಹಾಗಾಗಿ ಜೀವಕೋಶದಲ್ಲಿ ಈಸ್ಟ್ರೋಜೆನ್ ಅಂಟಿಕೊಳ್ಳುವ ಕಡೆ ಇವೂ ಅಂಟಿಕೊಳ್ಳುತ್ತವೆ. ಆದರೆ ಪರಿಣಾಮ ಬಹಳ ದುರ್ಬಲ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು ಜಾತಿಯ ಕ್ಲೋವರ್ ಮೇವು ಮೇಯ್ದ ಕುರಿಗಳು ಗಬ್ಬ ಕಟ್ಟುವುದೇ ಕಡಿಮೆಯಾಯಿತು. ಆ ಮೇವಿನಲ್ಲಿದ್ದದ್ದೂ ಇಂಥದ್ದೇ ಸಸ್ಯ ಈಸ್ಟ್ರೋಜೆನ್. ಆದರೆ ಕುರಿ ದಿನವಿಡೀ ಅದನ್ನೇ ಮೇಯುತ್ತದೆ, ಅದರ ಹೊಟ್ಟೆ ಆ ಅಂಶವನ್ನು ಇನ್ನೂ ಬಲವಾದ ಈಕ್ವಾಲ್ ಎಂಬ ವಸ್ತುವಾಗಿ ಬದಲಿಸುತ್ತದೆ. ಮನುಷ್ಯರಲ್ಲೂ ಒಂದು ಪ್ರಕರಣ 2008ರಲ್ಲಿ ವರದಿಯಾಗಿತ್ತು: 60 ವರ್ಷದ ಒಬ್ಬರಿಗೆ ಎದೆ ಊದಿ ನೋವು ಬಂದಿತ್ತು. ಅವರು ಕುಡಿಯುತ್ತಿದ್ದದ್ದು ದಿನಕ್ಕೆ ಹತ್ತಿರಹತ್ತಿರ 3 ಲೀಟರ್ ಸೋಯಾ ಹಾಲು! ಬಿಟ್ಟ ಮೇಲೆ ನೋವು ಹೋಯಿತು, ಹಾರ್ಮೋನ್ ಕೂಡ ನಿಧಾನವಾಗಿ ಸರಿಹೋಯಿತು. ನಿಮ್ಮ ಎರಡು ಲೋಟಕ್ಕೂ ಅದಕ್ಕೂ ಎಲ್ಲಿಯ ಹೋಲಿಕೆ?

ಗಂಡಸರ ಮೇಲೆ ನಡೆದ 41 ಅಧ್ಯಯನಗಳನ್ನು 2021ರಲ್ಲಿ ಒಟ್ಟಿಗೆ ಪರಿಶೀಲಿಸಲಾಯಿತು. ಸೋಯಾದಿಂದ ಟೆಸ್ಟೋಸ್ಟೆರಾನ್ ಇಳಿದಿರಲಿಲ್ಲ, ಈಸ್ಟ್ರೋಜೆನ್ ಏರಿರಲಿಲ್ಲ. ವೀರ್ಯದ ವಿಷಯದಲ್ಲಿ ಮಾತ್ರ ಒಂದು ಅಪವಾದವಿದೆ. 99 ಗಂಡಸರ ಆಹಾರ ವಿಚಾರಿಸಿದ 2008ರ ಅಧ್ಯಯನದಲ್ಲಿ, ಸೋಯಾ ಜಾಸ್ತಿ ತಿನ್ನುವವರ ವೀರ್ಯಾಣು ಸಾಂದ್ರತೆ ಕಡಿಮೆ ಕಂಡಿತ್ತು. ಆದರೆ ಒಟ್ಟು ಸಂಖ್ಯೆ, ಚಲನೆ, ಆಕಾರದಲ್ಲಿ ವ್ಯತ್ಯಾಸವಿರಲಿಲ್ಲ. ನಂತರ 32 ಯುವಕರಿಗೆ ಸೋಯಾ ಪ್ರೋಟೀನನ್ನೇ ಕೊಟ್ಟು ನೋಡಿದಾಗ ವೀರ್ಯದ ಗುಣಮಟ್ಟ ಬದಲಾಗಲಿಲ್ಲ. ಕೊಟ್ಟು ನೋಡಿದ ಪ್ರಯೋಗಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಈಗ ಆ ಇಂಜೆಕ್ಷನ್. ದಯವಿಟ್ಟು ಮುಟ್ಟಬೇಡಿ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ‘ಸಾಕಷ್ಟಿದೆ’ ಎಂದು ತಿಳಿದು ಮೆದುಳು ವೃಷಣಕ್ಕೆ ಕಳಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳನ್ನು ತಗ್ಗಿಸುತ್ತದೆ. ಆಗ ವೀರ್ಯಾಣು ತಯಾರಿ ಕುಸಿಯುತ್ತದೆ, ಕೆಲವರಲ್ಲಿ ಪೂರ್ತಿ ನಿಂತೇ ಹೋಗುತ್ತದೆ. ನಿಲ್ಲಿಸಿದ ಮೇಲೂ ಸರಿಹೋಗಲು ಎಷ್ಟೋ ತಿಂಗಳು ಬೇಕು. ಮಗು ಬೇಕೆನ್ನುವವರಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಈಗಾಗಲೇ ತಗೊಂಡಿದ್ದರೆ ಮುಚ್ಚಿಡಬೇಡಿ, ಡಾಕ್ಟರ್‌ಗೆ ಹೇಳಿ.

ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಇಬ್ಬರೂ ಪರೀಕ್ಷೆ ಮಾಡಿಸಬೇಕು. ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳು. ನೀವು ವೀರ್ಯ ಪರೀಕ್ಷೆ ಮಾಡಿಸಿ. ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಇದೆಯಾ ಎಂದೂ ನೋಡಿಸಿ, ಅದಕ್ಕೆ ಚಿಕಿತ್ಸೆ ಇದೆ. ಅಲ್ಲಿಯವರೆಗೆ ಸೋಯಾ ಹಾಲು ಬಿಡುವ ಅಗತ್ಯವಿಲ್ಲ.

– ಸಂಪಾದಕ