ಗರ್ಬರ್ ಫೈಲುಗಳನ್ನಷ್ಟೇ ಹಂಚಿಕೊಂಡರೆ ಸಾಕೇ?

ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡು ತಯಾರಾಗಿ ಬರುವ ಮೊದಲೇ ಅದರ ಗರ್ಬರ್ ಫೈಲುಗಳನ್ನು (ಬೋರ್ಡು ತಯಾರಿಸಲು ಕಾರ್ಖಾನೆಗೆ ಕೊಡುವ, ಪದರ ಪದರದ ಚಿತ್ರಗಳನ್ನು) ಎಲ್ಲರಿಗೂ ಸಿಗುವಂತೆ ಗಿಟ್‌ಹಬ್ ತಾಣಕ್ಕೆ ಹಾಕಬಹುದೇ, ಮೂಲ ಡಿಸೈನ್ ಕೊಟ್ಟರೆ ಯಾರಾದರೂ ನಕಲು ಮಾಡಿ ಮಾರುವುದಿಲ್ಲವೇ ಎಂದು ಕೇಳಿದ್ದೀರಿ. ಇದೇ ಅವಸರ, ಇದೇ ಅಂಜಿಕೆ ನನ್ನಲ್ಲಿಯೂ ಇದ್ದವು; ಹಾಗಾಗಿ ಬೋರ್ಡು ಬರುವ ಮೊದಲೇ ಗರ್ಬರ್ ಫೈಲುಗಳನ್ನಷ್ಟೇ ಹಾಕಿಬಿಟ್ಟಿದ್ದೆ.

ನನ್ನದು ಮಣ್ಣಿನ ತೇವಾಂಶ ನೋಡಿ ಪಂಪನ್ನು ಚಾಲೂ ಮಾಡುವ, ಇಎಸ್‌ಪಿ32 ಎಂಬ ನಿಯಂತ್ರಕ ಚಿಪ್ ಇದ್ದ ಚಿಕ್ಕ ಬೋರ್ಡು. ಯುಎಸ್‌ಬಿಯ 5 ವೋಲ್ಟನ್ನು 3.3ಕ್ಕೆ ಇಳಿಸಲು ಎಎಂಎಸ್1117 ರೆಗ್ಯುಲೇಟರ್ ಹಾಕಿದ್ದೆ. ಬೆಸುಗೆಯಿಲ್ಲದೆ ತಂತಿ ಚುಚ್ಚಿ ಪ್ರಯೋಗ ಮಾಡುವ ಬ್ರೆಡ್‌ಬೋರ್ಡಿನ ಮೇಲೆ ಎಲ್ಲವೂ ಸರಿಯಾಗಿ ನಡೆದಿತ್ತು; ಆದರೆ ಅಲ್ಲಿ ಬಳಸಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸಿದ್ಧ ಮಾಡ್ಯೂಲ್. ಬೋರ್ಡು ರಚಿಸುವ ಕೀಕ್ಯಾಡ್ ತಂತ್ರಾಂಶದಲ್ಲಿ ರೆಗ್ಯುಲೇಟರಿನ ಸಿಂಬಲ್ಲನ್ನೂ (ಸರ್ಕ್ಯೂಟ್ ನಕ್ಷೆಯಲ್ಲಿನ ಗುರುತು) ಫುಟ್‌ಪ್ರಿಂಟನ್ನೂ (ಬೋರ್ಡಿನ ಮೇಲೆ ಅದು ಕೂರುವ ತಾಮ್ರದ ಜಾಗ) ನಾನೇ ರಚಿಸಿ, ಅದರ ಬೆನ್ನಿನ ಅಗಲವಾದ ಲೋಹದ ಪಟ್ಟಿಯನ್ನು ಗ್ರೌಂಡಿಗೆ ಸೇರಿಸಿದೆ. ಇನ್ನೊಂದು ಬಗೆಯ ರೆಗ್ಯುಲೇಟರಾದ 7805 ಬಳಸಿ ರೂಢಿಯಾಗಿದ್ದ ಕೈಗೆ ಅದು ಸಹಜವೆನಿಸಿತ್ತು, ಏಕೆಂದರೆ 7805ರಲ್ಲಿ ಆ ಪಟ್ಟಿ ಗ್ರೌಂಡೇ. 1117ರಲ್ಲಿ ಹಾಗಲ್ಲ. ಅದರ ಮೊದಲ ಕಾಲು ಗ್ರೌಂಡ್, ಎರಡನೆಯದು ಔಟ್‌ಪುಟ್, ಮೂರನೆಯದು ಇನ್‌ಪುಟ್. ಪಟ್ಟಿ ಒಳಗಿನಿಂದಲೇ ಎರಡನೆಯ ಕಾಲಿಗೆ ಕೂಡಿರುತ್ತದೆ. ಅಂದರೆ ಔಟ್‌ಪುಟ್ಟನ್ನೇ ನೇರವಾಗಿ ಗ್ರೌಂಡಿಗೆ ಶಾರ್ಟ್ ಮಾಡಿದ್ದೆ. ಕೀಕ್ಯಾಡ್‌ನ ತಪಾಸಣೆಯಾದ ಡಿಆರ್‌ಸಿ ಒಂದು ದೋಷವನ್ನೂ ತೋರಿಸಲಿಲ್ಲ, ತೋರಿಸುವುದು ಸಾಧ್ಯವೂ ಇರಲಿಲ್ಲ. ಬೋರ್ಡು ಸ್ಕೀಮ್ಯಾಟಿಕ್‌ಗೆ (ಸರ್ಕ್ಯೂಟ್ ನಕ್ಷೆಗೆ) ಹೊಂದುತ್ತದೆಯೇ, ಟ್ರ್ಯಾಕುಗಳ ನಡುವೆ ಸಾಕಷ್ಟು ಅಂತರವಿದೆಯೇ ಎಂಬುದನ್ನು ಅದು ನೋಡುತ್ತದೆಯೇ ಹೊರತು, ನಾನು ಬರೆದ ಸ್ಕೀಮ್ಯಾಟಿಕ್ ತಯಾರಕರ ಡೇಟಾಶೀಟಿಗೆ ಹೊಂದುತ್ತದೆಯೇ ಎಂಬುದನ್ನಲ್ಲ. ಸಾಲದ್ದಕ್ಕೆ, ಶಾಖ ಇಳಿಯಲೆಂದು ಪಟ್ಟಿಯ ಕೆಳಗೆ ಸಾಲಾಗಿ ವಯಾಗಳನ್ನು (ಮೇಲಿನ ಮತ್ತು ಹಿಂಬದಿಯ ತಾಮ್ರವನ್ನು ಕೂಡಿಸುವ ರಂಧ್ರಗಳನ್ನು) ಕೊರೆಸಿದ್ದರಿಂದ, ಮೇಲಿನ ತಾಮ್ರವನ್ನು ಬ್ಲೇಡಿನಿಂದ ಕೆರೆದರೂ ಹಿಂಬದಿಯ ಗ್ರೌಂಡಿನ ನಂಟು ಬಿಡುತ್ತಿರಲಿಲ್ಲ.

ನನ್ನ ಬೋರ್ಡುಗಳು ಇನ್ನೂ ದಾರಿಯಲ್ಲಿದ್ದಾಗಲೇ ಕೆಲವರು ನನ್ನ ಫೈಲುಗಳಿಂದ ತಮ್ಮ ಹಣ ಹಾಕಿ ಬೋರ್ಡು ಮಾಡಿಸಿಕೊಂಡಿದ್ದರು. ಯುಎಸ್‌ಬಿ ಚುಚ್ಚಿದೊಡನೆ ರೆಗ್ಯುಲೇಟರ್ ಮುಟ್ಟಲಾಗದಷ್ಟು ಕಾಯುತ್ತದೆ ಎಂದು ಒಬ್ಬರು ಬರೆದರು. ತಮ್ಮ ಬೆಸುಗೆಯಲ್ಲಿಯೇ ದೋಷವಿರಬೇಕೆಂದು ಅವರು ಅದನ್ನು ಬಿಚ್ಚಿ ಬೇರೊಂದನ್ನು ಕೂರಿಸಿಯೂ ನೋಡಿದ್ದರು. ಸ್ಕೀಮ್ಯಾಟಿಕ್ ಇದ್ದಿದ್ದರೆ ಡೇಟಾಶೀಟಿನ ಪಕ್ಕದಲ್ಲಿಟ್ಟು ನೋಡಿ ಅವರೇ ದೋಷ ಹಿಡಿಯುತ್ತಿದ್ದರು. ಗರ್ಬರ್‌ನಲ್ಲಿ ತಾಮ್ರ ಎಲ್ಲಿದೆ, ತಾಮ್ರದ ಮೇಲಿನ ರಕ್ಷಣೆಯ ಲೇಪವಾದ ಮಾಸ್ಕ್ ಎಲ್ಲಿ ತೆರೆದಿದೆ ಎಂಬುದಿರುತ್ತದೆ. ಯಾವ ಕಾಲು ಏನು, ಏಕೆ ಅಲ್ಲಿಗೆ ಹೋಗಿದೆ ಎಂಬುದು ತಿಳಿಯುವುದಿಲ್ಲ. ಕಳ್ಳತನದ ಭಯದಿಂದ ನಾನು ಬಚ್ಚಿಟ್ಟಿದ್ದು, ನೆರವಾಗಬಲ್ಲವರ ಕಣ್ಣಿನಿಂದ ನನ್ನದೇ ದೋಷವನ್ನು.

ಆದ್ದರಿಂದ ನಿಮ್ಮ ಅಂಜಿಕೆಯನ್ನೇ ನಾನು ಒಪ್ಪುವುದಿಲ್ಲ. ಗರ್ಬರ್ ಸಿಕ್ಕಿದರೆ ಸಾಕು, ಮಾರುವವನು ಹಾಗೆಯೇ ಅಚ್ಚು ಹಾಕಿಸಿ ಮಾರುತ್ತಾನೆ. ಮೂಲ ಡಿಸೈನ್ ಬೇಕಾಗುವುದು ತಿದ್ದಲು, ಕಲಿಯಲು ಬಯಸುವವರಿಗೆ. ಕೀಕ್ಯಾಡ್‌ನ ಪೂರ್ಣ ಪ್ರಾಜೆಕ್ಟ್, ಸ್ಕೀಮ್ಯಾಟಿಕ್‌ನ ಪಿಡಿಎಫ್, ತಯಾರಕರ ಪಾರ್ಟ್ ನಂಬರ್ ಸಹಿತವಾದ ಬಿಡಿಭಾಗಗಳ ಪಟ್ಟಿ, ಇವಿಷ್ಟನ್ನೂ ಕೊಡಿ. ಮಾರ್ಪಡಿಸಿದ ಬೋರ್ಡನ್ನು ಹಂಚುವವರು ತಮ್ಮ ಡಿಸೈನನ್ನೂ ತೆರೆದಿಡಬೇಕೆಂದಿದ್ದರೆ, ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ 2020ರಲ್ಲಿ ಹೊರತಂದ ಓಪನ್ ಹಾರ್ಡ್‌ವೇರ್ ಲೈಸೆನ್ಸ್‌ನ ಎರಡನೆಯ ಆವೃತ್ತಿಯಲ್ಲಿ 'ಎಸ್' ಎಂಬ ಬಗೆಯಿದೆ, ಅದನ್ನು ಆರಿಸಿಕೊಳ್ಳಿ.

ಆದರೆ ಇಂದೇ ಹಾಕಬೇಡಿ. ಬೋರ್ಡು ಬಂದ ಮೇಲೆ, ಬಿಡಿಭಾಗ ಕೂರಿಸುವ ಮೊದಲು ಮತ್ತು ಕೂರಿಸಿದ ನಂತರ, 3.3 ವೋಲ್ಟಿನ ಗೆರೆಗೂ ಗ್ರೌಂಡಿಗೂ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ಅದು ಬೀಪ್ ಎಂದರೆ ಶಾರ್ಟ್ ಇದೆ; ಎನ್ನದಿದ್ದರೆ ಕರೆಂಟ್ ಕೊಟ್ಟು, ಬೋರ್ಡು ತನ್ನ ಕೆಲಸ ನಿಜವಾಗಿ ಮಾಡುವವರೆಗೆ ಪರೀಕ್ಷಿಸಿ, ಸಿಲ್ಕ್‌ಸ್ಕ್ರೀನ್ (ಬೋರ್ಡಿನ ಮೇಲಿನ ಮುದ್ರಿತ ಬರಹ) ಮೇಲೆ ಆವೃತ್ತಿಯ ಸಂಖ್ಯೆ ಇರುವ ಫೈಲುಗಳನ್ನೇ ಹಂಚಿಕೊಳ್ಳಿ. ಮುಂದೆ ಯಾರಾದರೂ ತೊಂದರೆ ಹೇಳಿಕೊಂಡು ಬಂದಾಗ ಅವರ ಕೈಯಲ್ಲಿರುವುದು ಯಾವ ಬೋರ್ಡು ಎಂಬುದು ನಿಮಗೂ ಅವರಿಗೂ ಕೂಡಲೇ ತಿಳಿಯುತ್ತದೆ.