ಸಾರಜನಕ ಜಾಸ್ತಿ ಇದ್ದ ಮಾತ್ರಕ್ಕೆ

ನಮಸ್ಕಾರ,

ಕ್ಷೀರಪಥದ ಹಾಲೋದಲ್ಲಿರುವ (ಗ್ಯಾಲಕ್ಸಿಯ ತಟ್ಟೆಯನ್ನು ಸುತ್ತುವರಿದ ವಿರಳ ಹೊರವಲಯ) ವಿಚಿತ್ರ ನಕ್ಷತ್ರಗಳು ಎಲ್ಲಿಂದ ಬಂದವು ಎಂದು ಹುಡುಕುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಹಳ ಚೆನ್ನಾಗಿದೆ, ಕೈಬಿಡಬೇಡಿ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಆಕಾಶ ದೊಡ್ಡದು, ನಾವು ಚಿಕ್ಕವರು ಅನ್ನೋದು ಓದುಗರಿಗೆ ಗೊತ್ತು. ಕಥೆ ಶುರುವಾಗುವುದು ಸಾರಜನಕ ಜಾಸ್ತಿ ಇರುವ ಆ ಕೆಂಪು ದೈತ್ಯ, ಅಂದರೆ ಮುಪ್ಪಿನಲ್ಲಿ ಉಬ್ಬಿದ ನಕ್ಷತ್ರ, ಕಾಣಿಸಿಕೊಂಡಾಗ.

ದೊಡ್ಡ ತೊಂದರೆಯೂ ಅಲ್ಲೇ ಇದೆ. ‘ಸಾರಜನಕ ಜಾಸ್ತಿ, ಆದ್ದರಿಂದ ಇದು ಗೋಳಾಕಾರದ ತಾರಾಗುಚ್ಛದಿಂದ (ಹಳೆಯ ನಕ್ಷತ್ರಗಳು ಲಕ್ಷಗಟ್ಟಲೆ ಒತ್ತಾಗಿ ಸೇರಿದ ಉಂಡೆಯಿಂದ) ತಪ್ಪಿಸಿಕೊಂಡು ಬಂದದ್ದು’ ಎಂದು ಒಂದೇ ಏಟಿಗೆ ತೀರ್ಪು ಕೊಟ್ಟಿದ್ದೀರಿ. ಅಷ್ಟು ಸಲೀಸಲ್ಲ. ನಕ್ಷತ್ರ ಉಬ್ಬಿ ಕೆಂಪು ದೈತ್ಯವಾಗುವಾಗ ಒಳಗಿನ ಸಾರಜನಕ ತಾನಾಗಿಯೇ ಸ್ವಲ್ಪ ಮೇಲೆ ಬರುತ್ತದೆ. ಇಲ್ಲವೇ ಪಕ್ಕದ ಜೋಡಿ ನಕ್ಷತ್ರ ತನ್ನ ಮುಪ್ಪಿನಲ್ಲಿ ಹೊರಪದರವನ್ನು ಇದರ ಮೇಲೆ ಸುರಿದಿರಬಹುದು. ಇವೆರಡನ್ನೂ ತಳ್ಳಿಹಾಕಿದ ಮೇಲೆ ತಾನೇ ಗುಚ್ಛದ ಮಾತು?

ಹೇಗೆ ತಳ್ಳಿಹಾಕುತ್ತಾರೆ ಅನ್ನೋದೇ ಈ ಲೇಖನದ ಜೀವ. ಅದನ್ನು ಬಿಡಿಸಿ ಬರೆಯಿರಿ. ಜೋಡಿ ಇದ್ದರೆ ನಕ್ಷತ್ರ ಅತ್ತಿತ್ತ ತೂಗುತ್ತದೆ. ರೋಹಿತದ, ಅಂದರೆ ಬಣ್ಣಗಳಾಗಿ ಬಿಡಿಸಿದ ಅದರ ಬೆಳಕಿನ, ಗೆರೆಗಳು ಒಮ್ಮೆ ಕೆಂಪಿನ ಕಡೆಗೆ, ಒಮ್ಮೆ ನೀಲಿಯ ಕಡೆಗೆ ಸರಿಯುತ್ತವೆ. ಕೆಲವೊಮ್ಮೆ ಅದು ಕಾಣಲು ವರ್ಷಗಟ್ಟಲೆ ಅಳೆಯಬೇಕಾಗುತ್ತದೆ. ಗುಚ್ಛದಲ್ಲಿ ಹುಟ್ಟಿದ ಇಂಥ ನಕ್ಷತ್ರಗಳಲ್ಲಿ ಸಾರಜನಕದ ಜೊತೆ ಸೋಡಿಯಂ ಏರಿರುತ್ತದೆ, ಎಷ್ಟೋ ಗುಚ್ಛಗಳಲ್ಲಿ ಅಲ್ಯೂಮಿನಿಯಂ ಕೂಡ. ಇಂಗಾಲ, ಆಮ್ಲಜನಕ ಇಳಿದಿರುತ್ತವೆ. ಕಡಿಮೆ ತೂಕದ ಕೆಂಪು ದೈತ್ಯದ ಒಡಲಲ್ಲಿ ಅಲ್ಯೂಮಿನಿಯಂ ತಯಾರಾಗುವಷ್ಟು ಬಿಸಿ ಇರುವುದಿಲ್ಲ. ಅದಕ್ಕೇ ಆ ಸುಳಿವಿಗೆ ಅಷ್ಟು ಬೆಲೆ. ನಿಮ್ಮ ನಕ್ಷತ್ರದಲ್ಲಿ ಅಲ್ಯೂಮಿನಿಯಂ ಎಷ್ಟಿದೆ? ಲೇಖನದಲ್ಲಿ ಎಲ್ಲೂ ಇಲ್ಲ. ಅಪೋಜಿ ಎಂಬ ನಕ್ಷತ್ರಗಳ ಸಮೀಕ್ಷೆ ಅವಕೆಂಪು ಬೆಳಕಿನಲ್ಲಿ ಈ ಧಾತುಗಳನ್ನೇ ಅಳೆದಿದೆ, ಅಲ್ಲಿ ಹುಡುಕಿ.

ನಕ್ಷತ್ರಗಳ ಸ್ಥಾನ, ಚಲನೆ ಅಳೆದ ಗಾಯಾ ಬಾಹ್ಯಾಕಾಶ ದೂರದರ್ಶಕದ ಅಳತೆ ಹಿಡಿದು, ಕಕ್ಷೆಯನ್ನು ಹಿಂದಕ್ಕೆ ಓಡಿಸಿ, ಇಂಥದ್ದೇ ಗುಚ್ಛ ಎಂದು ಹೆಸರಿಸಿದ್ದೀರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ದೂರದ ಅಳತೆಯಲ್ಲಿ ಸ್ವಲ್ಪ ತಪ್ಪಿದ್ದರೂ ಹಿಂದೆ ಹೋದಷ್ಟೂ ಅದು ಬೆಳೆಯುತ್ತದೆ. ಕ್ಷೀರಪಥವೂ ಆಗ ಇಷ್ಟು ಭಾರವಿರಲಿಲ್ಲ. ‘ಇರಬಹುದು’ ಎಂದು ಬರೆಯಲು ಸಂಕೋಚ ಬೇಡ.

ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿರುವ ಗಾಯಾ-ಎನ್ಸೆಲಡಸ್‌ಗೆ ಇನ್ನಷ್ಟು ಜಾಗ ಕೊಡಿ. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಕ್ಷೀರಪಥ ನುಂಗಿದ ಆ ಗ್ಯಾಲಕ್ಸಿಯ ಕುರುಹು 2018ರಲ್ಲಿ ಸ್ಪಷ್ಟವಾಯಿತು. ಅದು ತನ್ನ ಗುಚ್ಛಗಳನ್ನೂ ಜೊತೆಗೆ ತಂದಿತ್ತು. ಅಂದರೆ ನಿಮ್ಮ ನಕ್ಷತ್ರ ಗುಚ್ಛದ್ದೇ ಆದರೂ ಆ ಗುಚ್ಛ ಹೊರಗಿನದ್ದಿರಬಹುದು, ಅಲ್ವಾ?

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಅಲ್ಯೂಮಿನಿಯಂ ಅಂಕಿ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಿರಿ. ಆಗ ‘ತವರು ಸಿಕ್ಕಿತು’ ಎಂಬ ಶೀರ್ಷಿಕೆಯನ್ನೂ ಬದಲಿಸಬೇಕಾಗುತ್ತದೆ.