ಒಮಾನಿನಲ್ಲಿ ಹಬ್ಬ ಇದೆಯಾ, ಹಸಿರು ಇದೆಯಾ?

ತಂಗಿ, ಯಜಮಾನರಿಗೆ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿದೆ, ಮಕ್ಕಳ ಜೊತೆ ಬರುತ್ತಿದ್ದೇವೆ ಎಂದು ಬರೆದಿದ್ದೀರಿ. ಕೇಳಿದ್ದು ಎರಡೇ ಪ್ರಶ್ನೆ. ಮುಸ್ಲಿಂ ದೇಶದಲ್ಲಿ ನಮ್ಮ ಹಬ್ಬ ಮಾಡಬಹುದಾ? ಮರಳು ಬಿಟ್ಟು ನೋಡಲು ಏನಾದರೂ ಇದೆಯಾ? ನಾನು ಸಾಗರದವಳು, ಇಲ್ಲಿಗೆ ಬಂದು 17 ವರ್ಷ ಆಯಿತು. ಬರುವಾಗ ನನ್ನ ತಲೆಯಲ್ಲೂ ಇವೇ ಎರಡು ಪ್ರಶ್ನೆ ಇದ್ದವು.

ಹಬ್ಬ ಧಾರಾಳವಾಗಿ ಮಾಡಬಹುದು. ಹಳೇ ಮಸ್ಕತ್‌ನಲ್ಲಿ ಸುಲ್ತಾನರ ಅರಮನೆ ಹತ್ತಿರವೇ ಶಿವನ ಗುಡಿ ಇದೆ. ದಾರ್ಸೈತ್‌ನಲ್ಲಿ ಕೃಷ್ಣನ ಗುಡಿ. ಬಾಳೆಲೆ, ಹೂವು, ವೀಳ್ಯದೆಲೆಗೆ ರೂವಿ ಕಡೆಯ ಅಂಗಡಿಗಳಿವೆ. ಆದರೆ ರಜೆ ಇಲ್ಲ. ವಾರದ ನಡುವೆ ಹಬ್ಬ ಬಂದರೆ ಬೆಳಗ್ಗೆ ಐದಕ್ಕೇ ಪೂಜೆ ಮುಗಿಸಿ ಆಫೀಸಿಗೆ ಹೋಗುವುದು. ಹೋಳಿಗೆ ಊಟ ಶುಕ್ರವಾರಕ್ಕೆ, ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಪಟಾಕಿಯ ಆಸೆ ಬಿಡಿ. ಗಣಪತಿಯನ್ನು ನಾವು ಬಕೆಟ್ಟಿನಲ್ಲೇ ಬಿಡುತ್ತೇವೆ. ಮೊದಲ ವರ್ಷ ಮಗ ಅತ್ತಿದ್ದ, ಈಗ ಬಕೆಟ್ ತುಂಬಿಸುವವನು ಅವನೇ.

ನೀವು ಕೇಳದೇ ಬಿಟ್ಟದ್ದು ಅವರ ಹಬ್ಬಗಳ ವಿಷಯ. ಅದನ್ನೇ ಹೇಳಬೇಕು ಅನ್ನಿಸುತ್ತದೆ. ರಂಜಾನ್‌ನಲ್ಲಿ ಹಗಲು ಹೊರಗೆ ತಿನ್ನಬಾರದು, ಕುಡಿಯಬಾರದು. ನಾನು ಮೊದಲ ವರ್ಷ ಮರೆತು ರಸ್ತೆ ಬದಿ ನೀರಿನ ಬಾಟಲಿ ಎತ್ತಿದ್ದೆ. ಎದುರಿದ್ದ ಅಜ್ಜ ಬೈಯಲಿಲ್ಲ, ಸುಮ್ನೆ ಮುಖ ಆಚೆ ತಿರುಗಿಸಿದರು. ಬೈದಿದ್ದರೇ ವಾಸಿಯಿತ್ತು. ಆ ತಿಂಗಳ ನಡುವೆ, ಹದಿನಾಲ್ಕನೇ ರಾತ್ರಿ, ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ಅದಕ್ಕೆ ಕರನ್‌ಕಶೋ ಅನ್ನುತ್ತಾರೆ. ಚಾಕೊಲೇಟ್, ಕಡಲೆಕಾಯಿ ತಂದಿಟ್ಟುಕೊಳ್ಳಿ, ಖಾಲಿ ಕೈಯಲ್ಲಿ ಕಳಿಸಬೇಡಿ. ರಂಜಾನ್ ಮುಗಿದು ಬರುವ ಈದ್ ಯಾವ ದಿನ ಎಂದು ಹಿಂದಿನ ರಾತ್ರಿ ಚಂದ್ರ ಕಂಡ ಮೇಲೇ ಗೊತ್ತಾಗುವುದು. ಊರಿಗೆ ಟಿಕೆಟ್ ಮಾಡುವಾಗ ಇದು ನೆನಪಿರಲಿ!

ಈದ್‌ಗೆ ಶುವಾ ಮಾಡುತ್ತಾರೆ. ಮಸಾಲೆ ಹಚ್ಚಿದ ಮಾಂಸವನ್ನು ಎಲೆಯಲ್ಲಿ ಸುತ್ತಿ, ಕೆಂಡದ ಗುಂಡಿಯಲ್ಲಿ ಹೂತು, ಒಂದೆರಡು ದಿನ ಬಿಟ್ಟು ತೆಗೆಯುವ ಅಡುಗೆ. ಪಕ್ಕದ ಮನೆಯವರು ಮೊದಲ ಸಲ ಅದನ್ನೇ ತಂದರು. ನಾವು ತಿನ್ನುವುದಿಲ್ಲ ಎಂದು ಸಂಕೋಚದಿಂದಲೇ ಹೇಳಿದೆ. ಮುಂದಿನ ಈದ್‌ಗೆ ಬಂದದ್ದು ಹಲ್ವಾ, ಕೇಸರಿ ಏಲಕ್ಕಿ ಹಾಕಿದ್ದು. ಅವರ ಮನೆಗೆ ಹೋದರೆ ಖರ್ಜೂರದ ಜೊತೆ ಪುಟ್ಟ ಬಟ್ಟಲಲ್ಲಿ ಕಹ್ವಾ, ಅಂದರೆ ಅವರ ಕಾಫಿ, ಕೊಡುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಿ. ಸಾಕಾದರೆ ಬಟ್ಟಲನ್ನು ಕೊಂಚ ಅಲ್ಲಾಡಿಸಿ ಕೊಡಬೇಕು. ಇದು ಗೊತ್ತಿಲ್ಲದೆ ನಾನು ಏಳು ಬಟ್ಟಲು ಕುಡಿದು ಆ ರಾತ್ರಿ ನಿದ್ದೆಗೆಟ್ಟೆ. ಮಾತಿನ ಚಿಂತೆ ಬೇಡ, ಮಸ್ಕತ್‌ನ ಎಷ್ಟೋ ಜನರಿಗೆ ಹಿಂದಿ ಬರುತ್ತದೆ.

ಇನ್ನು ಹಸಿರು. ಮಸ್ಕತ್ ಸುತ್ತ ಇರುವುದು ಬೋಳು ಕಲ್ಲುಬೆಟ್ಟ. ಮಲೆನಾಡಿನ ಕಣ್ಣಿಗೆ ಅದು ರುಚಿಸಲು ನನಗೆ ಎರಡು ವರ್ಷ ಬೇಕಾಯಿತು. ಏಪ್ರಿಲ್ ಹೊತ್ತಿಗೆ ಜಬಲ್ ಅಖ್ದರ್ ಬೆಟ್ಟಕ್ಕೆ ಹೋಗಿ. ಸುಮಾರು 2,000 ಮೀಟರ್ ಎತ್ತರದ ಹಳ್ಳಿಗಳಲ್ಲಿ ಗುಲಾಬಿ ಬಿಡಿಸಿ, ಮಣ್ಣಿನ ಒಲೆ ಮೇಲೆ ಪನ್ನೀರು ಇಳಿಸುತ್ತಾರೆ. ಅದಕ್ಕೆ ಹೊಗೆಯ ವಾಸನೆ ಇರುತ್ತದೆ, ನನಗೆ ಅದೇ ಇಷ್ಟ. ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು, ಇಲ್ಲದಿದ್ದರೆ ಬುಡದ ಚೆಕ್‌ಪೋಸ್ಟ್‌ನಲ್ಲೇ ಪೊಲೀಸರು ವಾಪಸ್ ಕಳಿಸುತ್ತಾರೆ. ಒಂದು ಎಚ್ಚರಿಕೆ: ಮಳೆ ಬಂದಾಗ ವಾದಿ, ಅಂದರೆ ಒಣಹಳ್ಳ, ದಾಟಬೇಡಿ. ಬೆಟ್ಟದಲ್ಲಿ ಸುರಿದ ನೀರು ನಿಮ್ಮ ತಲೆ ಮೇಲೆ ಬಿಸಿಲಿರುವಾಗಲೇ ಬಂದುಬಿಡುತ್ತದೆ.

ಆದರೆ ದಕ್ಷಿಣದ ಸಲಾಲಾ ಊರಿಗೆ ಹೋಗದೆ ಒಮಾನ್ ನೋಡಿದೆ ಅನ್ನಬೇಡಿ. ಸುಮಾರು 1,000 ಕಿಲೋಮೀಟರ್ ದೂರ, ದಾರಿಯುದ್ದಕ್ಕೂ ಬಟಾಬಯಲು. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಖರೀಫ್, ಅಂದರೆ ಮಳೆಗಾಲ. ನಮ್ಮೂರಿಗೆ ಮಳೆ ತರುವ ಅದೇ ನೈಋತ್ಯ ಮಾನ್ಸೂನ್ ಅಲ್ಲಿನ ಧೋಫಾರ್ ಬೆಟ್ಟಗಳಿಗೂ ತಾಗುತ್ತದೆ. ಮಸ್ಕತ್ 40 ಡಿಗ್ರಿ ದಾಟಿ ಬೇಯುತ್ತಿರುವಾಗ ಅಲ್ಲಿ ಮಂಜು, ಜಿಟಿಜಿಟಿ, ಹಸಿರು ಗುಡ್ಡದಲ್ಲಿ ಮೇಯುವ ದನ ಮತ್ತು ಒಂಟೆ. ರಸ್ತೆ ಬದಿ ಎಳನೀರು, ಬಾಳೆಹಣ್ಣು. ಸುತ್ತಲಿನ ಅರಬ್ ದೇಶಗಳಿಂದ ಜನ ನೆನೆಯಲೆಂದೇ ಬರುತ್ತಾರೆ, ಛತ್ರಿ ಹಿಡಿದವಳು ನಾನೊಬ್ಬಳೇ. ಪೇಟೆಯಲ್ಲಿ ಲುಬಾನ್ ಧೂಪ ಕೊಳ್ಳಿ, ಅದರ ಮರ ಆ ಸೀಮೆಯದೇ. ನಮ್ಮ ದೇವರಮನೆಯಲ್ಲಿ ಈಗ ಉರಿಯುವುದು ಅದೇ.

ಸಾಮಾನು ಕಟ್ಟುವಾಗ ಬೇವಿನ ಹೂ ಒಣಗಿಸಿ ತರುವುದು ಬೇಡ. ಇಲ್ಲಿ ರಸ್ತೆ ಬದಿಯಲ್ಲೇ ಬೇವಿನ ಮರಗಳಿವೆ. ಯುಗಾದಿ ಹಿಂದಿನ ಸಂಜೆ ಫೋನ್ ಮಾಡಿ, ಯಾವ ಮರಕ್ಕೆ ಕೈ ಎಟಕುತ್ತದೆ ಎಂದು ತೋರಿಸುತ್ತೇನೆ.